ಹತ್ತಿ ಬಿಡಿಸುವ ಕೈ ಮತ್ತು ಮತದಾರರ ಪಟ್ಟಿ: ಜಾನ್ ಲೂಯಿಸ್ ನೆನಪಿನ ಉಪನ್ಯಾಸ

(ರಾಯಚೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು.

ಇಂದಿನ ಮಾತು ಒಂದು ಪೋಸ್ಟರಿನಿಂದ ಶುರುವಾಗಲಿ. ಅದರಲ್ಲಿ ಕಪ್ಪು ಕೈಗಳಿವೆ, ಹತ್ತಿಯಿದೆ. ಜೊತೆಗಿರುವ ಬರಹದ ತಾತ್ಪರ್ಯ ಇಷ್ಟು: ಹತ್ತಿ ಬಿಡಿಸುವ ಈ ಕೈಗಳು ಇನ್ನು ಮುಂದೆ ನಮ್ಮ ಅಧಿಕಾರಸ್ಥರನ್ನೂ ಆರಿಸಬಲ್ಲವು, ಹೆಸರು ನೋಂದಾಯಿಸಿ, ಮತ ಹಾಕಿ. ಇಂಗ್ಲಿಷಿನಲ್ಲಿ ಹತ್ತಿ ಬಿಡಿಸುವುದಕ್ಕೂ ಆಳುವವರನ್ನು ಆರಿಸುವುದಕ್ಕೂ ಒಂದೇ ಮಾತು ಸಲ್ಲುತ್ತದೆ. ಆ ಪೋಸ್ಟರಿನ ಬಲವೆಲ್ಲ ಆ ಒಂದು ಮಾತಿನಲ್ಲಿದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದನ್ನು ಹಂಚಿದ್ದು ವೋಟರ್ ಎಜುಕೇಷನ್ ಪ್ರಾಜೆಕ್ಟ್ ಎಂಬ ಸಂಸ್ಥೆ. 1970ರಿಂದ 1977ರವರೆಗೆ ಅದರ ಹೊಣೆ ಹೊತ್ತಿದ್ದವರು ಜಾನ್ ಲೂಯಿಸ್, ಕರಿಯರ ನಾಗರಿಕ ಹಕ್ಕುಗಳ ಹೋರಾಟದ ಮುಖಂಡರು, ಮುಂದೆ ಅಮೆರಿಕದ ಸಂಸತ್ತಿನ ಸದಸ್ಯರು. ರಾಜೇಂದ್ರ ಗಂಜ್ ಮಾರುಕಟ್ಟೆಗೆ ಗಾಡಿಗಟ್ಟಲೆ ಹತ್ತಿ ಬಂದಿಳಿಯುವ ಈ ಊರಿನಲ್ಲಿ ಆ ಪೋಸ್ಟರನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಲೂಯಿಸ್ ಎಂದಕೂಡಲೇ ಎಲ್ಲರಿಗೂ ನೆನಪಾಗುವುದು ಸೆಲ್ಮಾ ಎಂಬ ಊರಿನ ಸೇತುವೆ, ಮತದ ಹಕ್ಕು ಕೇಳಿ ಹೊರಟವರನ್ನು 1965ರಲ್ಲಿ ಪೊಲೀಸರು ಹೊಡೆದ ಜಾಗ. ಅದು ಸರಿಯೇ. ಆದರೆ ಅವತ್ತು ಸೇತುವೆಯ ಮೇಲೆ ನಡೆದದ್ದು ಕೆಲವೇ ನಿಮಿಷಗಳ ಘಟನೆ. ಮತದಾರರ ಪಟ್ಟಿಯ ಬೆನ್ನು ಹತ್ತಿದ್ದು ಅವರ ಆಯುಷ್ಯದ ಕೆಲಸ. ಹಕ್ಕು ಕಾನೂನಿನಲ್ಲಿ ಬರೆದಿರುತ್ತದೆ, ಆದರೆ ಅದು ಕಳೆದುಹೋಗುವುದು ಕಚೇರಿಯ ಕಿಟಕಿಯಲ್ಲಿ, ಅರ್ಜಿಯ ಒಂದು ಕಲಮಿನಲ್ಲಿ, ಬೀಗ ಹಾಕಿದ ಮನೆಯ ಬಾಗಿಲಿನಲ್ಲಿ. ಇದನ್ನು ಅವರಷ್ಟು ಹತ್ತಿರದಿಂದ ಕಂಡ ಶಾಸಕರು ಕಡಿಮೆ. ಇವತ್ತು ನಾನು ಹೇಳಬೇಕೆಂದಿರುವುದು ಆ ಪಟ್ಟಿಯ ಕತೆ. ಅಲ್ಲಿಯದೂ ಇಲ್ಲಿಯದೂ.

ಅವರು ಹುಟ್ಟಿದ್ದು 1940ರ ಫೆಬ್ರುವರಿ 21ರಂದು, ಅಲಬಾಮಾ ರಾಜ್ಯದ ಪೈಕ್ ಕೌಂಟಿಯಲ್ಲಿ, ಟ್ರಾಯ್ ಎಂಬ ಪಟ್ಟಣದ ಹತ್ತಿರ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದು. ಹತ್ತು ಮಕ್ಕಳಲ್ಲಿ ಮೂರನೆಯವರು. ತಂದೆ ತಾಯಿ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. 1944ರಲ್ಲಿ 300 ಡಾಲರ್ ಕೂಡಿಸಿ 110 ಎಕರೆ ಕೊಂಡರು. ಬೆಳೆಯುತ್ತಿದ್ದುದು ಹತ್ತಿ, ಶೇಂಗಾ, ಮೆಕ್ಕೆಜೋಳ. ಬಳ್ಳಾರಿ, ರಾಯಚೂರು, ಕೊಪ್ಪಳದ ಒಣಬೇಸಾಯದ ಮನೆತನಗಳಿಗೆ ಈ ಮೂರು ಬೆಳೆಗಳ ಲೆಕ್ಕಾಚಾರ ಚೆನ್ನಾಗಿ ಗೊತ್ತು.

ಮುಂದೆ ಅವರು ಓದಲು ಹೋದದ್ದು ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ಗೆ. ಅಲ್ಲಿ ಅವರಿಗೆ ಅಹಿಂಸೆಯ ಪಾಠ ಹೇಳಿದವರು ಜೇಮ್ಸ್ ಲಾಸನ್. ಈ ಲಾಸನ್ 1953ರಿಂದ 1956ರವರೆಗೆ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು, ಗಾಂಧೀಜಿಯವರ ಸತ್ಯಾಗ್ರಹವನ್ನು ಅಭ್ಯಾಸ ಮಾಡಿ ಹೋದವರು. ಅವರ ತರಗತಿ ಬರೀ ಭಾಷಣವಲ್ಲ, ತಾಲೀಮು. ಅಲ್ಲಿನ ಅಂಗಡಿಗಳ ಊಟದ ಕೌಂಟರುಗಳಲ್ಲಿ ಬಿಳಿಯರಿಗಷ್ಟೇ ಬಡಿಸುತ್ತಿದ್ದರು. ಕುರ್ಚಿಗಳನ್ನು ಸಾಲಾಗಿ ಹಾಕಿ ಅಂಥ ಕೌಂಟರ್ ಮಾಡುತ್ತಿದ್ದರು. ಕೆಲವರು ಗಿರಾಕಿಗಳು, ಕೆಲವರು ದಾಳಿ ಮಾಡುವವರು. ಬೈಯುವುದು, ತಳ್ಳುವುದು, ಕುರ್ಚಿ ಎಳೆಯುವುದು ಎಲ್ಲವನ್ನೂ ಆಡಿ ತೋರಿಸುತ್ತಿದ್ದರು. ಬಿದ್ದಾಗ ತಲೆಯನ್ನು ಹೇಗೆ ಮುಚ್ಚಿಕೊಳ್ಳಬೇಕು, ಪಕ್ಕದವನಿಗೆ ಏಟು ಬೀಳುವಾಗ ನಡುವೆ ಹೇಗೆ ಬರಬೇಕು, ಹೊಡೆಯುವವನ ಕಣ್ಣನ್ನು ಹೇಗೆ ನೋಡಬೇಕು ಎಂಬುದನ್ನೆಲ್ಲ ಮೈಗೆ ಹತ್ತುವವರೆಗೆ ಮಾಡಿಸುತ್ತಿದ್ದರು. 1960ರ ಫೆಬ್ರುವರಿ 13ರಂದು ವಿದ್ಯಾರ್ಥಿಗಳು ನಿಜವಾದ ಕೌಂಟರುಗಳಿಗೆ ಹೋಗಿ ಕೂತರು. ಮುಂದೆ ಆ ಸಾಲಿನವರಿಗಾಗಿ ಲೂಯಿಸ್ ಮತ್ತು ಗೆಳೆಯ ಬರ್ನಾರ್ಡ್ ಲಫಯೆಟ್ ಸೇರಿ ಒಂದು ಚೀಟಿ ಬರೆದು ಹಂಚಿದರು. ತಿರುಗಿ ಹೊಡೆಯಬೇಡಿ, ಬೈಯಬೇಡಿ. ನಗಬೇಡಿ. ನೆಟ್ಟಗೆ ಕೂತು ಕೌಂಟರ್ ಕಡೆಗೇ ಮುಖ ಮಾಡಿ. ಮುಖಂಡರು ಹೇಳುವವರೆಗೆ ಜಾಗ ಬಿಡಬೇಡಿ. ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಮೊದಲ ಸಾಲನ್ನು ಪೊಲೀಸರು ಬಂಧಿಸಿ ಒಯ್ದರೆ ಎರಡನೆಯ ಸಾಲು ಅದೇ ಕುರ್ಚಿಗಳಲ್ಲಿ ಬಂದು ಕೂರುತ್ತಿತ್ತು. ಮೇ 10ರಂದು ನ್ಯಾಶ್‌ವಿಲ್‌ನ ಅಂಗಡಿಗಳು ಕರಿಯರಿಗೆ ಊಟ ಬಡಿಸಲು ಆರಂಭಿಸಿದವು.

ಅಹಿಂಸೆಯನ್ನು ಒಳ್ಳೆಯ ಸ್ವಭಾವ ಎಂದು ತಿಳಿದವರು ಬಹಳ. ಈ ಚೀಟಿಯನ್ನು ಓದಿದರೆ ಅದು ಕಸುಬು ಎಂದು ಗೊತ್ತಾಗುತ್ತದೆ. ಕಲಿಯಬೇಕು, ತಾಲೀಮು ಮಾಡಬೇಕು, ತಪ್ಪಿದರೆ ತಿದ್ದಿಕೊಳ್ಳಬೇಕು.

ಇನ್ನು ಸೆಲ್ಮಾಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 1965ರ ಆರಂಭದ ಹೊತ್ತಿಗೂ ಸೆಲ್ಮಾ ಇರುವ ಡಲ್ಲಾಸ್ ಕೌಂಟಿಯಲ್ಲಿ ಮತ ಹಾಕುವ ವಯಸ್ಸಿನ ಕರಿಯರು ಸುಮಾರು 15,000. ಪಟ್ಟಿಯಲ್ಲಿ ಹೆಸರಿದ್ದವರು 300ರ ಆಸುಪಾಸು, ಅಂದರೆ ನೂರಕ್ಕೆ ಇಬ್ಬರು. ಕರಿಯರು ಮತ ಹಾಕಕೂಡದು ಎಂಬ ನಿಯಮ ಎಲ್ಲೂ ಇರಲಿಲ್ಲ. ಅಮೆರಿಕದ ಸಂವಿಧಾನದ 15ನೇ ತಿದ್ದುಪಡಿ 1870ರಲ್ಲೇ ಆ ಹಕ್ಕು ಕೊಟ್ಟಿತ್ತು. ಹಾಗಾದರೆ ಉಳಿದ 14,700 ಜನರನ್ನು ತಡೆದದ್ದು ಏನು?

ಮೊದಲನೆಯದು ವೇಳೆ. ನೋಂದಣಿ ಕಚೇರಿ ತೆರೆಯುತ್ತಿದ್ದುದು ತಿಂಗಳಿಗೆ ಎರಡೇ ದಿನ, ಮೊದಲ ಮತ್ತು ಮೂರನೆಯ ಸೋಮವಾರ. ಕೂಲಿಯವರಿಗೆ ಅದು ಕೆಲಸದ ದಿನ. ಹೋದರೂ ಸಾಲು ಕದಲುತ್ತಿರಲಿಲ್ಲ. 1963ರ ಅಕ್ಟೋಬರ್ 7ರಂದು ಸುಮಾರು 350 ಜನ ಬಿಸಿಲಲ್ಲಿ ಸಾಲು ನಿಂತರು. ಕಚೇರಿಯವರು ಮಧ್ಯಾಹ್ನದ ಊಟಕ್ಕೆಂದು ಬಾಗಿಲು ಹಾಕಿದರು. ಸಾಲಿನಲ್ಲಿದ್ದವರಿಗೆ ನೀರು, ತಿಂಡಿ ಕೊಡಲು ಹೋದ ಯುವಕರನ್ನು ಪೊಲೀಸರು ಹೊಡೆದು ಒಯ್ದರು. ಸಂಜೆಯ ಹೊತ್ತಿಗೆ ಒಳಗೆ ಹೋಗಿಬಂದವರು ಬೆರಳೆಣಿಕೆಯಷ್ಟು ಮಂದಿ.

ಒಳಗೆ ಹೋದ ಮೇಲೆ ಅರ್ಜಿ. ಅದು ಹಲವು ಪುಟಗಳದ್ದು. ಒಂದು ಕಲಮು ಬಿಟ್ಟರೆ, ಒಂದು ಅಕ್ಷರ ತಪ್ಪಿದರೆ ತಿರಸ್ಕಾರ. ಆಮೇಲೆ ಪರೀಕ್ಷೆ: ಸಂವಿಧಾನದ ಒಂದು ಭಾಗವನ್ನು ಅಧಿಕಾರಿ ಓದುತ್ತಾನೆ, ಅರ್ಜಿದಾರ ಬರೆಯಬೇಕು, ಸರ್ಕಾರದ ರಚನೆಯ ಬಗೆಗಿನ ಪ್ರಶ್ನೆಗಳಿಗೆ ಉತ್ತರಿಸಬೇಕು. ಯಾವ ಭಾಗ ಕೊಡಬೇಕು, ಉತ್ತರ ಸರಿಯೋ ತಪ್ಪೋ ಎಂಬುದೆಲ್ಲ ಅವನ ಮರ್ಜಿ. ಶಾಲಾ ಶಿಕ್ಷಕರೂ ನಪಾಸಾಗುತ್ತಿದ್ದರು. ಅದರ ಮೇಲೆ ಜಾಮೀನಿನ ನಿಯಮ: ಈಗಾಗಲೇ ಪಟ್ಟಿಯಲ್ಲಿರುವವರೊಬ್ಬರು ಬಂದು ಇವರನ್ನು ಬಲ್ಲೆ ಎಂದು ಹೇಳಬೇಕು. ಪಟ್ಟಿಯಲ್ಲಿ ನೂರಕ್ಕೆ ಇಬ್ಬರೇ ಇರುವಾಗ ಜಾಮೀನು ಕೊಡುವವರನ್ನು ಎಲ್ಲಿಂದ ತರುವುದು? ಇಷ್ಟನ್ನೂ ದಾಟಿದವರಿಗೆ ತಲೆಗಂದಾಯ, ವರ್ಷಕ್ಕೆ ಒಂದೂವರೆ ಡಾಲರ್. ನೆರೆಯ ಮಿಸಿಸಿಪಿಯಲ್ಲಂತೂ ಅರ್ಜಿ ಹಾಕಿದವರ ಹೆಸರನ್ನು ಎರಡು ವಾರ ಪತ್ರಿಕೆಯಲ್ಲಿ ಅಚ್ಚು ಹಾಕಬೇಕೆಂದು 1962ರಲ್ಲಿ ಕಾನೂನೇ ಮಾಡಿದರು. ಅಚ್ಚಾದ ಹೆಸರನ್ನು ಮೊದಲು ಓದುವವನು ಜಮೀನಿನ ಧಣಿ. ಮರುದಿನ ಕೂಲಿ ಇಲ್ಲ, ಗುಡಿಸಲು ಇಲ್ಲ.

ಇವುಗಳಲ್ಲಿ ಯಾವ ನಿಯಮದಲ್ಲೂ ಬಣ್ಣದ ಮಾತಿಲ್ಲ. ಒಂದೊಂದನ್ನೇ ತೆಗೆದುಕೊಂಡರೆ ಆಡಳಿತದ ಸಹಜ ಕ್ರಮದಂತೆ ಕಾಣುತ್ತದೆ. ಏಳೆಂಟು ಸೇರಿದಾಗ ಗೋಡೆಯಾಗುತ್ತದೆ. ಲೂಯಿಸ್ ಈ ಗೋಡೆಯ ಕಲ್ಲುಗಳನ್ನು ಎಣಿಸಿದವರು.

1965ರ ಮಾರ್ಚ್ 7, ಭಾನುವಾರ. ಸುಮಾರು 600 ಜನ ಇಬ್ಬಿಬ್ಬರ ಸಾಲಿನಲ್ಲಿ, ಕಾಲುದಾರಿ ಬಿಡದೆ, ಮತದ ಹಕ್ಕು ಕೇಳಲು ರಾಜ್ಯದ ರಾಜಧಾನಿ ಮಾಂಟ್ಗೊಮೆರಿಗೆ ಹೊರಟು, ಸೆಲ್ಮಾದ ಎಡ್ಮಂಡ್ ಪೆಟ್ಟಸ್ ಸೇತುವೆ ಹತ್ತಿದರು. ಮುಂದೆ ಹೊಸಿಯಾ ವಿಲಿಯಮ್ಸ್ ಜೊತೆ 25ರ ಹರೆಯದ ಲೂಯಿಸ್. ಬೆನ್ನ ಚೀಲದಲ್ಲಿ ಎರಡು ಪುಸ್ತಕ, ಒಂದು ಸೇಬು, ಒಂದು ಕಿತ್ತಳೆ, ಹಲ್ಲುಜ್ಜುವ ಬ್ರಷ್, ಪೇಸ್ಟ್. ಜೈಲಿಗೆ ಹೋಗುವ ತಯಾರಿ ಅದು, ಆಸ್ಪತ್ರೆಗೆ ಹೋಗುವುದಲ್ಲ. ಆಚೆ ದಡದಲ್ಲಿ ರಾಜ್ಯದ ಪೊಲೀಸರು ಚದುರಲು ಎರಡು ನಿಮಿಷ ಕೊಟ್ಟರು, ಎರಡು ನಿಮಿಷ ಮುಗಿಯುವ ಮೊದಲೇ ಮೇಲೆ ಬಿದ್ದರು. ಲೂಯಿಸ್ ಅವರ ತಲೆಬುರುಡೆ ಬಿರಿಯಿತು. ಅದೇ ತಿಂಗಳ 21ರಂದು ಹೊರಟ ಮೆರವಣಿಗೆ 54 ಮೈಲಿ ನಡೆದು 25ರಂದು ಮಾಂಟ್ಗೊಮೆರಿ ಮುಟ್ಟಿದಾಗ ಜೊತೆಯಲ್ಲಿದ್ದವರು 25,000. ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು.

ಆ ಕಾಯ್ದೆ ಕೆಲಸ ಮಾಡಿದ ಬಗೆಯನ್ನು ನಮ್ಮ ಕಾನೂನು ವಿದ್ಯಾರ್ಥಿಗಳು ಗಮನಿಸಬೇಕು. ಹಕ್ಕಿದೆ ಎಂದು ಮತ್ತೊಮ್ಮೆ ಘೋಷಿಸಿ ಅದು ಸುಮ್ಮನಾಗಲಿಲ್ಲ. 1964ರ ನವೆಂಬರ್ 1ರಂದು ಎಲ್ಲಿ ಇಂಥ ಪರೀಕ್ಷೆ ಜಾರಿಯಲ್ಲಿತ್ತೋ, ಜೊತೆಗೆ ಎಲ್ಲಿ ವಯಸ್ಕರಲ್ಲಿ ಅರ್ಧದಷ್ಟು ಜನವೂ ನೋಂದಣಿಯಾಗಿರಲಿಲ್ಲವೋ ಅಥವಾ ಆ ವರ್ಷದ ಚುನಾವಣೆಯಲ್ಲಿ ಮತ ಹಾಕಿರಲಿಲ್ಲವೋ, ಅಲ್ಲಿ ಪರೀಕ್ಷೆ ರದ್ದು. ಸ್ಥಳೀಯ ಅಧಿಕಾರಿ ಬಗ್ಗದಿದ್ದರೆ ಕೇಂದ್ರದ ಅಧಿಕಾರಿಯೇ ಬಂದು ಹೆಸರು ಬರೆದುಕೊಳ್ಳುತ್ತಾನೆ. ಎಲ್ಲಕ್ಕಿಂತ ಮುಖ್ಯವಾದದ್ದು 5ನೇ ಕಲಮು: ಅಂಥ ಪ್ರದೇಶಗಳು ಚುನಾವಣೆಯ ಯಾವ ನಿಯಮವನ್ನು ಬದಲಿಸುವುದಿದ್ದರೂ ಮೊದಲೇ ಕೇಂದ್ರದ ಒಪ್ಪಿಗೆ ಪಡೆಯಬೇಕು, ಇದರಿಂದ ಯಾರಿಗೂ ಅನ್ಯಾಯವಾಗದು ಎಂದು ತಾವೇ ಸಾಬೀತು ಮಾಡಬೇಕು. ಅಂದರೆ ಹೊರೆ ಮತದಾರರ ತಲೆಯಿಂದ ಇಳಿದು ಸರ್ಕಾರದ ತಲೆಗೇರಿತು. ಮಿಸಿಸಿಪಿಯಲ್ಲಿ 1964ರಲ್ಲಿ ನೂರಕ್ಕೆ 6.7ರಷ್ಟಿದ್ದ ಕರಿಯರ ನೋಂದಣಿ 1967ಕ್ಕೆ 59.8ಕ್ಕೆ ಏರಿತು. ಸೆಲ್ಮಾದಲ್ಲಿ ಸಾಲು ನಿಂತವರನ್ನು ಹೊಡೆಸುತ್ತಿದ್ದ ಷರೀಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಜಿಮ್ ಕ್ಲಾರ್ಕ್ 1966ರಲ್ಲಿ ಅದೇ ಜನರ ಮತದಿಂದ ಸೋತ.

2013ರ ಜೂನ್ 25ರಂದು ಅಲ್ಲಿನ ಸುಪ್ರೀಂ ಕೋರ್ಟ್, ಯಾವ ಪ್ರದೇಶಕ್ಕೆ ಈ ನಿಯಮ ಅನ್ವಯ ಎಂದು ಗುರುತಿಸುವ ಸೂತ್ರವನ್ನೇ ಹೊಡೆದುಹಾಕಿತು. 5ನೇ ಕಲಮು ಪುಸ್ತಕದಲ್ಲಿ ಉಳಿಯಿತು, ನೆಲದ ಮೇಲೆ ನಿಂತುಹೋಯಿತು. ಹೊರೆ ಮತ್ತೆ ಮತದಾರರ ತಲೆಗೆ ಬಂತು. ಅದನ್ನು ಸರಿಪಡಿಸುವ ಮಸೂದೆಗೆ ಈಗ ಲೂಯಿಸ್ ಅವರದೇ ಹೆಸರಿದೆ. 2021ರಲ್ಲಿ ಕೆಳಮನೆ ದಾಟಿತು, ಮೇಲ್ಮನೆಯಾದ ಸೆನೆಟ್‌ನಲ್ಲಿ ನಿಂತಿತು.

ಶಾಸಕರಾಗಿ ಅವರ ಬಗ್ಗೆ ಒಂದೇ ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. 1987ರಿಂದ 2020ರ ಜುಲೈ 17ರಂದು ತೀರಿಕೊಳ್ಳುವವರೆಗೆ ಜಾರ್ಜಿಯಾದ 5ನೇ ಕ್ಷೇತ್ರದ ಪ್ರತಿನಿಧಿ. ಆಫ್ರಿಕನ್ ಅಮೆರಿಕನ್ನರ ಇತಿಹಾಸಕ್ಕೊಂದು ರಾಷ್ಟ್ರೀಯ ಮ್ಯೂಸಿಯಂ ಬೇಕೆಂದು 1988ರಲ್ಲಿ ಮಸೂದೆ ಮಂಡಿಸಿದರು. ಬಿದ್ದುಹೋಯಿತು. ಪ್ರತಿ ಹೊಸ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಕೂಡಿದಾಗಲೂ ಮತ್ತೆ ಮಂಡಿಸಿದರು. 2003ರಲ್ಲಿ ಕಾನೂನಾಯಿತು, 2016ರ ಸೆಪ್ಟೆಂಬರ್ 24ರಂದು ಬಾಗಿಲು ತೆರೆಯಿತು. ಮಸೂದೆ ಬಿದ್ದ ಮರುದಿನ ಅದೇ ಕಡತವನ್ನು ಮತ್ತೆ ಕೈಗೆತ್ತಿಕೊಳ್ಳುವ ಈ ಗುಣಕ್ಕೆ ನಾನು ತಲೆಬಾಗುತ್ತೇನೆ.

ಈಗ ನಮ್ಮ ನೆಲಕ್ಕೆ ಬರುತ್ತೇನೆ.

ನಮ್ಮಲ್ಲೂ ಮತ ಎಲ್ಲರದಾಗಿರಲಿಲ್ಲ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1935ರ ಕಾಯ್ದೆಯ ಪ್ರಕಾರ ತೆರಿಗೆ, ಆಸ್ತಿ, ಅಕ್ಷರ ಇದ್ದವರಿಗಷ್ಟೇ ಮತ. ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಕೈಯಲ್ಲಿ. ಎಲ್ಲ ವಯಸ್ಕರಿಗೂ ಮತ ಬೇಕೆಂದು ಬಾಬಾಸಾಹೇಬ ಅಂಬೇಡ್ಕರ್ 1928ರಲ್ಲೇ ಸೈಮನ್ ಆಯೋಗದ ಮುಂದೆ ಕೇಳಿದ್ದರು. ಸಂವಿಧಾನದ 326ನೇ ವಿಧಿ ಅದನ್ನು ಕೊಟ್ಟಿತು. ಅಕ್ಷರದ ಪರೀಕ್ಷೆ ಇಲ್ಲ, ಕಂದಾಯ ಇಲ್ಲ, ಜಾಮೀನು ಇಲ್ಲ. ಲೂಯಿಸ್ ಅವರ ತಂದೆತಾಯಿಗೆ ಅಲಬಾಮಾದಲ್ಲಿ ಸಿಗದಿದ್ದ ಮತ 1952ರ ಹೊತ್ತಿಗೆ ನಮ್ಮ ಓದು ಬಾರದ ಹೊಲದ ಕೂಲಿಯವರಿಗೆ ಸಿಕ್ಕಿತ್ತು.

ಆದರೂ ಆ ಮೊದಲ ಚುನಾವಣೆಯಲ್ಲೇ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಬಿದ್ದರು. ತಮ್ಮ ಹೆಸರು ಹೇಳಲಿಲ್ಲ, ಇಂಥವರ ಹೆಂಡತಿ, ಇಂಥವರ ಮಗಳು ಎಂದು ಬರೆಸಿದ್ದರು ಎಂಬುದು ಕಾರಣ. ಹಕ್ಕು ಇತ್ತು, ಒಂದು ಕಲಮಿನಲ್ಲಿ ಹೋಯಿತು.

ಇವತ್ತು ನಮ್ಮ ಭಾಗದಲ್ಲಿ ಹೆಸರು ಕಳೆಯುವ ದೊಡ್ಡ ದಾರಿ ಗುಳೆ, ಅಂದರೆ ಕೂಲಿ ಹುಡುಕಿ ಊರು ಬಿಟ್ಟು ಹೋಗುವುದು. ದೇವದುರ್ಗ, ಲಿಂಗಸುಗೂರು, ಮಸ್ಕಿ, ಕುಷ್ಟಗಿ, ಯಲಬುರ್ಗಾದ ಹಳ್ಳಿ, ತಾಂಡಾಗಳಿಂದ ಜನ ಬೆಂಗಳೂರು, ಪುಣೆ, ಮುಂಬೈ, ಗೋವಾಕ್ಕೆ ಹೋಗುತ್ತಾರೆ. ಪಟ್ಟಿಯ ವಾರ್ಷಿಕ ಪರಿಷ್ಕರಣೆ ಸಾಮಾನ್ಯವಾಗಿ ಚಳಿಗಾಲದಲ್ಲಿ, ಹತ್ತಿ ಬಿಡಿಸುವ ಹಂಗಾಮಿನಲ್ಲೇ ಬರುತ್ತದೆ. ಬೂತ್ ಮಟ್ಟದ ಅಧಿಕಾರಿ, ನಾವು ಬಿಎಲ್‌ಒ ಎನ್ನುವವರು, ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆ ಇಲ್ಲವೇ ಶಿಕ್ಷಕರು. ಅವರು ಓಣಿಗೆ ಬರುವುದು ಹಗಲು. ಹಗಲು ಮನೆಯವರೆಲ್ಲ ಹೊಲದಲ್ಲಿ, ಇಲ್ಲವೇ ಗುಳೆಯಲ್ಲಿ. ಬಾಗಿಲಿಗೆ ಬೀಗ. ನೆರೆಯವರನ್ನು ಕೇಳಿದರೆ, "ಅವ್ರು ಬೆಂಗಳೂರಿಗೆ ಹೋಗ್ಯಾರ್ರೀ." ಕಾಗದದ ಮೇಲೆ ಅದು ಸ್ಥಳಾಂತರ ಎಂದಾಗುತ್ತದೆ. ಯಾರ ದುರುದ್ದೇಶವೂ ಇಲ್ಲದೆ ಒಂದು ಮನೆಯ ನಾಲ್ಕು ಮತ ಹೋಗುತ್ತವೆ.

ಕಾನೂನು ಹೀಗೆ ಹೇಳುವುದಿಲ್ಲ. 1950ರ ಜನಪ್ರತಿನಿಧಿತ್ವ ಕಾಯ್ದೆಯ 20ನೇ ಕಲಮಿನ ಪ್ರಕಾರ, ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಯಾರೂ ಆ ಊರಿನ ವಾಸಿ ಅಲ್ಲವೆಂದು ಆಗುವುದಿಲ್ಲ. 22ನೇ ಕಲಮಿನ ಪ್ರಕಾರ, ವಾಸವಿಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮೊದಲು ಆ ವ್ಯಕ್ತಿಗೆ ತನ್ನ ಮಾತು ಹೇಳುವ ಅವಕಾಶ ಕೊಡಲೇಬೇಕು. ಎಡವಟ್ಟಾಗುವುದು ನೋಟಿಸ್ ಬಂದು ಅದೇ ಬೀಗದ ಬಾಗಿಲಿಗೆ ಅಂಟಿಕೊಂಡಾಗ. ಊರಲ್ಲಿ ಉಳಿದಿರುವ ಅಜ್ಜ, ಅಜ್ಜಿ, ಶಾಲೆಯ ಹುಡುಗರಿಗೆ ಒಂದು ಮಾತು ಹೇಳಿಡಿ: ಬಾಗಿಲಿಗೆ ಕಾಗದ ಕಂಡರೆ ಫೋಟೊ ಹೊಡೆದು ಫೋನಿಗೆ ಕಳಿಸಲಿ. ವಿಚಾರಣೆಯ ದಿನಾಂಕ ಅದರಲ್ಲೇ ಇರುತ್ತದೆ.

ಪಟ್ಟಿ ನೋಡುವುದಕ್ಕೂ ಒಂದು ಕ್ರಮವಿದೆ. ಗುರುತಿನ ಚೀಟಿ ಕೈಯಲ್ಲಿದ್ದರೆ ಹೆಸರು ಪಟ್ಟಿಯಲ್ಲಿದೆ ಎಂದು ಅರ್ಥವಲ್ಲ. ಬೂತಿನ ಮುಂದೆ ಅತಿ ಹೆಚ್ಚು ಜಗಳ ಆಗುವುದು ಈ ತಪ್ಪು ತಿಳಿವಳಿಕೆಯಿಂದ. ಹೆಸರು ಪಟ್ಟಿಯಲ್ಲಿದ್ದು ಚೀಟಿ ಕಳೆದಿದ್ದರೆ ಆಧಾರ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ನಡೆಯುತ್ತವೆ. ಪಟ್ಟಿಯಲ್ಲೇ ಇಲ್ಲದಿದ್ದರೆ ಯಾವ ಕಾರ್ಡೂ ನಡೆಯದು. ಹುಡುಕುವಾಗ ಹೆಸರಿನಿಂದ ಹುಡುಕಬೇಡಿ, ಚೀಟಿಯ ಸಂಖ್ಯೆಯಿಂದ ಹುಡುಕಿ. ಆಧಾರ್‌ನಲ್ಲಿ ಹುಲಿಗೆಮ್ಮ, ಪಟ್ಟಿಯಲ್ಲಿ ಹುಲಿಗೆವ್ವ ಇದ್ದರೆ ಹೆಸರಿನ ಹುಡುಕಾಟದಲ್ಲಿ ಆಕೆ ಸಿಗದೆ ಹೋಗಬಹುದು. ಅಚ್ಚಾದ ಪಟ್ಟಿ ನೋಡುವವರು ಮೊದಲ ಪುಟಗಳಲ್ಲಿ ಹೆಸರು ಕಂಡಿತೆಂದು ಮುಚ್ಚಿಡಬಾರದು. ಕೊನೆಯಲ್ಲಿರುವ ಪೂರಕ ಪಟ್ಟಿಯಲ್ಲಿ ತೆಗೆದುಹಾಕಿದ ಹೆಸರುಗಳಿರುತ್ತವೆ, ಪಕ್ಕದಲ್ಲಿ ಕಾರಣದ ಅಕ್ಷರ: 'ಇ' ಅಂದರೆ ಮರಣ, 'ಎಸ್' ಅಂದರೆ ಸ್ಥಳಾಂತರ, 'ಆರ್' ಅಂದರೆ ಎರಡು ಸಲ ಬಂದ ಹೆಸರು. ಬದುಕಿರುವವರ ಮುಂದೆ 'ಇ' ಕಂಡರೆ ಅಂದೇ ಅರ್ಜಿ ಹಾಕಬೇಕು.

ಹೊಸ ಹೆಸರಿಗೆ ನಮೂನೆ 6, ತೆಗೆಯಲು ಅಥವಾ ಆಕ್ಷೇಪಿಸಲು ನಮೂನೆ 7, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ನಮೂನೆ 8. ಯಾವುದಕ್ಕೂ ಶುಲ್ಕವಿಲ್ಲ. ಗುಳೆ ಹೋದವರು ನಮೂನೆ 8 ತುಂಬುವ ಮೊದಲು ಯೋಚಿಸಬೇಕು. ಬೆಂಗಳೂರಿನ ವಿಳಾಸಕ್ಕೆ ಬದಲಿಸಿದರೆ ಊರಿನ ಹೆಸರು ಹೋಗುತ್ತದೆ. ಕಟ್ಟಡ ಮುಗಿದು ಶೆಡ್ ಕಿತ್ತ ಮೇಲೆ ಆ ವಿಳಾಸವೂ ಇರುವುದಿಲ್ಲ. ಮದುವೆಯಾಗಿ ಬಂದ ಸೊಸೆಯರದು ಬೇರೆ ಮಾತು. ಅವರು ನಮೂನೆ 8ರಿಂದಲೇ ತವರಿನಿಂದ ಗಂಡನ ಊರಿಗೆ ಬದಲಿಸಿಕೊಳ್ಳಬೇಕು. ತವರಿನ ಹೆಸರು ಬಿಟ್ಟು ಇಲ್ಲಿ ಹೊಸದಾಗಿ ನಮೂನೆ 6 ಹಾಕಿದರೆ ಎರಡು ಕಡೆ ಹೆಸರಾಗುತ್ತದೆ. ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ, ಮುಂದೆ ಎರಡೂ ಕಡೆ ತೊಡಕು.

ನಮೂನೆ 7ರ ಮೇಲೆ ಕಣ್ಣಿರಲಿ. ನಮ್ಮ ಭಾಗದ ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮೊದಲು ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದದ್ದು 24 ಮಾತ್ರ. ಉಳಿದ 5,994 ಹೆಸರು ಉಳಿದದ್ದು ಒಬ್ಬೊಬ್ಬರ ಮನೆಗೆ ಹೋಗಿ ಕೇಳಿದ್ದರಿಂದ. ಇಂಥ ಅರ್ಜಿಗಳ ಪಟ್ಟಿಯನ್ನು ನೋಂದಣಾಧಿಕಾರಿ ತಮ್ಮ ಕಚೇರಿಯ ಫಲಕದ ಮೇಲೆ ಹಚ್ಚಬೇಕು: ಹೊಸ ಹೆಸರುಗಳದು ನಮೂನೆ 9, ಆಕ್ಷೇಪಗಳದು ನಮೂನೆ 10. ವಾರಕ್ಕೊಮ್ಮೆ ಒಬ್ಬರು ಹೋಗಿ ನಮೂನೆ 10 ಓದಿಬಂದರೆ ಸಾಕು. ಸುಳ್ಳು ಘೋಷಣೆ ಕೊಟ್ಟವರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಇದೆ. 2025ರ ಆಗಸ್ಟ್ 14ರಂದು ಬಿಹಾರದ ಪಟ್ಟಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್, ಕರಡು ಪಟ್ಟಿಯಲ್ಲಿ ಇಲ್ಲದ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಿ ಎಂದು ಚುನಾವಣಾ ಆಯೋಗಕ್ಕೆ ಹೇಳಿತು. ಇರುವವರ ಪಟ್ಟಿಯಷ್ಟೇ ಇಲ್ಲದವರ ಪಟ್ಟಿಯೂ ಮುಖ್ಯ ಎಂಬುದು ಅದರ ತಿರುಳು.

ಅರ್ಜಿ ತಿರಸ್ಕಾರವಾದರೆ ಅಲ್ಲಿಗೇ ಬಿಡಬೇಡಿ. ಆದೇಶದ ದಿನದಿಂದ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಅದಕ್ಕೇ ಅರ್ಜಿ ಕೊಟ್ಟಾಗ ಸಿಗುವ ಸಂಖ್ಯೆಯನ್ನು ಗೋಡೆಯ ಮೇಲಾದರೂ ಬರೆದಿಡಿ, ಅದಿದ್ದರೆ ಮನವಿಯ ಬೆನ್ನು ಹತ್ತುವುದು ಸುಲಭ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಹೊಸ ಹೆಸರು ಸೇರುವುದಿಲ್ಲ. ಚುನಾವಣೆ ಘೋಷಣೆಯಾದ ಮೇಲೆ ಓಡಾಡುವವರು ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಇಲ್ಲೇ.

ಈಗ 18 ತುಂಬಿತೇ ಎಂದು ನೋಡುವ ದಿನಗಳು ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನ 1ನೇ ತಾರೀಖು. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು. ಗುಳೆ ಹೋದವರು ಊರಿಗೆ ಮರಳುವುದು ಯುಗಾದಿಗೆ, ಜಾತ್ರೆಗೆ, ಅಲಾಯಿ ಹಬ್ಬಕ್ಕೆ. ಮುದಗಲ್ಲಿನ ಮೊಹರಂಗೆ ಎಲ್ಲೆಲ್ಲಿಂದ ಜನ ಬರುತ್ತಾರೆ, ನಿಮಗೆ ಗೊತ್ತು. ಆ ಮೂರ್ನಾಲ್ಕು ದಿನ ಊರಿನ ಕಟ್ಟೆಯ ಮೇಲೆ ಒಂದು ಮೇಜು ಹಾಕಿ. ಆ ಬೂತಿನ ಪಟ್ಟಿ ಪೂರಕದೊಂದಿಗೆ ಎರಡು ಪ್ರತಿ, ನಮೂನೆ 6 ಮತ್ತು 8ರ ಐವತ್ತೈವತ್ತು ಪ್ರತಿ, ಪೆನ್ನು, ಅಂಟು, ಫೋಟೊ ತೆಗೆಯಲು ಬಿಳಿ ಗೋಡೆ, ನಕಲು ತೆಗೆಯುವ ಅಂಗಡಿಗೆ ಓಡಲು ಒಬ್ಬ ಹುಡುಗ. ಬಿಎಲ್‌ಒ ಅವರನ್ನು ಮೊದಲೇ ಕರೆದಿರಿ, ಅರ್ಜಿ ಅಲ್ಲೇ ಅವರ ಕೈ ಸೇರಲಿ. ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಚೀಟಿ ಸಂಖ್ಯೆ, ಅರ್ಜಿ ಸಂಖ್ಯೆ, ಫೋನ್, ಕೊಟ್ಟ ದಿನ, ಇಷ್ಟು ಬರೆದುಕೊಳ್ಳಿ. ಕೊನೆಯ ಕಾಲಂ ಖಾಲಿ ಬಿಡಿ, ಮುಂದಿನ ಪಟ್ಟಿ ಅಚ್ಚಾಗಿ ಬಂದ ದಿನ ಕೂತು ಒಬ್ಬೊಬ್ಬರದೇ ತುಂಬುವುದಿದೆ.